ಪ್ರಾಸದ ಎಣಿಕೆ ಪುಸ್ತಕ: ಹಾಡು ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ

ಪ್ರಶ್ನೆ: ನಾವು ಹುಬ್ಬಳ್ಳಿ ನವನಗರದವರು. ಮಗಳಿಗೆ ಈಗ ಎರಡು ವರ್ಷ ಎಂಟು ತಿಂಗಳು. ಪ್ರಾಸದಲ್ಲಿ ಎಣಿಕೆ ಹೇಳುವ ಚಿತ್ರಪುಸ್ತಕಗಳು ಮನೆಯಲ್ಲಿ ಮೂರ್ನಾಲ್ಕು ಇವೆ, ದಿನಾ ರಾತ್ರಿ ಓದುತ್ತೇನೆ. ಒಂದರಿಂದ ಹತ್ತರವರೆಗೆ ಚೆನ್ನಾಗಿ ಹಾಡುತ್ತಾಳೆ. ಆದರೆ ಪುಟದಲ್ಲಿ ಮೂರು ಗಿಳಿ ತೋರಿಸಿ "ಎಷ್ಟು?" ಅಂದರೆ ಒಮ್ಮೆ ಎಂಟು ಅನ್ನುತ್ತಾಳೆ, ಒಮ್ಮೆ ಐದು ಅನ್ನುತ್ತಾಳೆ. ಒಂದೇ ಪುಸ್ತಕ ಮತ್ತೆ ಮತ್ತೆ ಬೇಕು, ಅದರಲ್ಲೂ ಮೂರರ ಪುಟದಿಂದ ನೇರ ಎಂಟರ ಪುಟಕ್ಕೆ ಹಾರುತ್ತಾಳೆ. ಪುಸ್ತಕದ ಕನ್ನಡ ನಮ್ಮ ಮನೆಮಾತಿನಂತಿಲ್ಲ, ಓದುವಾಗ ನನ್ನ ನಾಲಿಗೆಯೇ ತೊಡಕುತ್ತದೆ. ಅತ್ತೆಯವರು ನೂರರವರೆಗೆ ಕಲಿಸು ಅನ್ನುತ್ತಾರೆ. ಯಜಮಾನರು ಇಂಗ್ಲಿಷ್ ಪುಸ್ತಕ ತಂದರೆ ಮುಂದೆ ಶಾಲೆಗೆ ಅನುಕೂಲ ಅನ್ನುತ್ತಾರೆ. ಫೋನಿನಲ್ಲಿ ಹಾಡು ಹಾಕಿಬಿಟ್ಟರೆ ಸಾಲದೇ ಅಂತಲೂ ಅನಿಸುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ನಿಮ್ಮ ಗಾಬರಿಯ ವಿಷಯ ಮುಗಿಸೋಣ. ಮಗಳು ಸರಿಯಾಗೇ ಇದ್ದಾಳೆ. ಈ ವಯಸ್ಸಿನ ಮಗು ಹತ್ತರವರೆಗೆ ಹಾಡಿ, ಎದುರಿಗಿರುವ ಮೂರು ಗಿಳಿ ನೋಡಿ "ಎಂಟು" ಅನ್ನುವುದು ನಮ್ಮ ಕಡೆಯ ಅಂಗನವಾಡಿಗಳಲ್ಲಿ ದಿನಾ ಕಾಣುವ ಸಂಗತಿ. ಹಾಡು ಬಂದಿದೆ, ಎಣಿಕೆ ಇನ್ನೂ ಬಂದಿಲ್ಲ. ಎರಡೂ ಒಂದೇ ಅಂತ ನಮಗೆ ಅನಿಸುತ್ತದೆ, ಯಾಕಂದರೆ ನಮಗೆ ಎರಡೂ ಯಾವಾಗ ಕೂಡಿಕೊಂಡವು ಅನ್ನೋದು ನೆನಪಿಲ್ಲ. ಸದ್ಯ ಅವಳಿಗೆ ಒಂದು-ಎರಡು-ಮೂರು-ನಾಕು ಅನ್ನುವುದು ಒಂದು ಹಾಡಿನ ಸಾಲು, ಅಷ್ಟೇ. ಆ ಸಾಲಿನ ಒಂದೊಂದು ಮಾತೂ ಒಂದೊಂದು ಲೆಕ್ಕದ ಹೆಸರು ಅಂತ ಅವಳಿಗೆ ಇನ್ನೂ ಹೊಳೆದಿಲ್ಲ.

ಎಣಿಕೆ ಅಂದರೆ ಒಂದೇ ವಿದ್ಯೆ ಅಲ್ಲ. ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1978ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ನಿಮಗೆ ಅದರಲ್ಲಿ ಮೂರು ನಿಯಮ ತಿಳಿದರೆ ಸಾಕು. ಅಂಕಿಯ ಹೆಸರುಗಳು ಯಾವಾಗಲೂ ಅದೇ ಸಾಲಿನಲ್ಲಿ ಬರಬೇಕು. ಪಂಕ್ತಿಯಲ್ಲಿ ಎಲೆಗೊಂದು ಹೋಳಿಗೆ ಬಡಿಸಿದ ಹಾಗೆ ಒಂದೊಂದು ವಸ್ತುವಿಗೆ ಒಂದೇ ಹೆಸರು ಬೀಳಬೇಕು, ಯಾರಿಗೂ ಎರಡು ಬೀಳಬಾರದು, ಯಾರೂ ತಪ್ಪಿಹೋಗಬಾರದು. ಮತ್ತೆ ಕೊನೆಗೆ ಹೇಳಿದ ಅಂಕಿ ಕೊನೆಯ ಗಿಳಿಯ ಹೆಸರಲ್ಲ, ಅಲ್ಲಿರುವ ಎಲ್ಲ ಗಿಳಿಗಳ ಒಟ್ಟು ಲೆಕ್ಕ. ಈ ಮೂರನೆಯದೇ ಕಷ್ಟದ್ದು. ನಿಮ್ಮ ಮಗಳು ಮೊದಲನೆಯದನ್ನು ಗೆದ್ದಿದ್ದಾಳೆ. ಎರಡನೆಯದು ಅರ್ಧಮರ್ಧ ಇರಬಹುದು. ಮೂರನೆಯದಕ್ಕೆ ಇನ್ನೂ ಹೊತ್ತಿದೆ.

ಎಷ್ಟು ಹೊತ್ತು ಅಂತ ಕೇಳುತ್ತೀರಿ, ಗೊತ್ತು. ಕರೆನ್ ವಿನ್ ಅನ್ನುವ ಸಂಶೋಧಕಿ 1990ರ ಸುಮಾರಿಗೆ ಚಿಕ್ಕ ಮಕ್ಕಳ ಮುಂದೆ ಆಟಿಕೆಗಳ ರಾಶಿ ಇಟ್ಟು "ನನಗೆ ಒಂದು ಕೊಡು, ಎರಡು ಕೊಡು, ಮೂರು ಕೊಡು" ಅಂತ ಕೇಳಿ ನೋಡಿದರು. ಕೆಲವು ಮಕ್ಕಳು ಒಂದು ಅಂದರೆ ಒಂದೇ ಕೊಡುತ್ತಿದ್ದರು, ಬೇರೆ ಏನು ಕೇಳಿದರೂ ಒಂದು ಹಿಡಿ ಎತ್ತಿ ಕೊಡುತ್ತಿದ್ದರು. ಕೆಲವು ತಿಂಗಳ ಮೇಲೆ ಎರಡು ಬರುತ್ತದೆ. ಇನ್ನೂ ಕೆಲವು ತಿಂಗಳಿಗೆ ಮೂರು. ಆಮೇಲೆ ಒಂದು ಹಂತದಲ್ಲಿ, ಸಾಮಾನ್ಯವಾಗಿ ಮೂರೂವರೆ ನಾಲ್ಕರ ಹೊತ್ತಿಗೆ, ಕೊನೆಯ ಅಂಕಿಯೇ ಒಟ್ಟು ಅನ್ನುವ ಗುಟ್ಟು ತಿಳಿದುಬಿಡುತ್ತದೆ, ಐದು ಆರು ಏಳು ಎಲ್ಲಾ ಒಟ್ಟಿಗೆ ಬಂದುಬಿಡುತ್ತವೆ. ಅಂದರೆ ಒಂದು-ಎರಡು-ಮೂರು ಅಂತ ಹಾಡಲು ಬರುವುದಕ್ಕೂ "ಮೂರು" ಅಂದರೆ ಏನು ಅಂತ ತಿಳಿಯುವುದಕ್ಕೂ ನಡುವೆ ವರ್ಷವೇ ಹೋಗಬಹುದು. ಆ ವರ್ಷದಲ್ಲಿ ಮಗು ಸುಮ್ನೆ ಕೂತಿರುವುದಿಲ್ಲ, ಒಳಗೆ ಕೆಲಸ ನಡೆದೇ ಇರುತ್ತದೆ.

ಈಗ ಪುಸ್ತಕಕ್ಕೆ ಬರೋಣ. ಅಸಲು ವಿಷಯ ಇರುವುದು ಇಲ್ಲೇ.

ನಿಮ್ಮ ಎಣಿಕೆ ಪುಸ್ತಕದ ಯಾವುದಾದರೂ ಒಂದು ಪುಟ ತೆಗೆದು ನೋಡಿ. ಪೇರಲ ಗಿಡದ ಮೇಲೆ ಐದು ಗಿಳಿಗಳಿವೆ ಅಂತ ಇಟ್ಟುಕೊಳ್ಳಿ. ಕೆಳಗಿನ ಸಾಲಿನಲ್ಲಿ "ಐದು" ಅನ್ನುವ ಮಾತು ಎಷ್ಟು ಸಲ ಬರುತ್ತದೆ? ಒಂದೇ ಸಲ. ಒಂದು, ಎರಡು, ಮೂರು, ನಾಲ್ಕು ಅನ್ನುವ ಮಾತುಗಳು ಆ ಪುಟದಲ್ಲಿ ಇಲ್ಲವೇ ಇಲ್ಲ. ಅಂದರೆ ಎಣಿಕೆ ಪುಸ್ತಕದಲ್ಲಿ ಎಣಿಕೆಯೇ ಬರೆದಿಲ್ಲ! ಒಟ್ಟು ಮಾತ್ರ ಬರೆದಿದೆ. ಎಣಿಸುವ ಕೆಲಸ ಓದುವವರದು, ಅಂದರೆ ನಿಮ್ಮದು. ಆದರೆ ಪ್ರಾಸ ಇದೆಯಲ್ಲ, ಅದು ನಿಮ್ಮನ್ನು ನಿಲ್ಲಲು ಬಿಡುವುದಿಲ್ಲ. "ಐದು" ಅಂದ ಕೂಡಲೇ ಬಾಯಿ ಮುಂದಿನ ಸಾಲಿಗೆ ಹೋಗಿರುತ್ತದೆ, ಕೈ ಪುಟ ತಿರುವಿರುತ್ತದೆ. ಮಗಳ ಬೆರಳು ಆಗಿನ್ನೂ ಎರಡನೇ ಗಿಳಿಯ ಮೇಲೆ ಇರುತ್ತದೆ. ನೀವು ತಪ್ಪುತ್ತಿರುವುದು ಎಲ್ಲಾದರೂ ಇದ್ದರೆ ಅದು ಇಲ್ಲೇ, ಮತ್ತೆ ಇದು ನಿಮ್ಮೊಬ್ಬರ ತಪ್ಪಲ್ಲ. ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ನಾನು ಪ್ರಾಸದ ಪುಸ್ತಕ ಕೊಟ್ಟು ಓದಿ ಅಂದರೆ ಬಹುತೇಕ ಎಲ್ಲರೂ ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಪ್ರಾಸ ಚೆನ್ನಾಗಿದ್ದಷ್ಟೂ ಓಟ ಜಾಸ್ತಿ.

ಹಾಗಾದರೆ ಪ್ರಾಸ ಬೇಡವೇ? ಬೇಕು, ಖಂಡಿತ ಬೇಕು. ಅಂಕಿಗಳ ಸಾಲು ಬಾಯಿಗೆ ಕೂರುವುದೇ ಪ್ರಾಸದಿಂದ. ಆದರೆ ಒಂದೇ ಪುಸ್ತಕವನ್ನು ಎರಡು ರೀತಿ ಓದಬೇಕು, ಎರಡನ್ನೂ ಒಂದೇ ಓದಿನಲ್ಲಿ ಕಲೆಸಬಾರದು.

ಒಂದು ಓದು ಹಾಡಿನದು. ಮೊದಲಿಂದ ಕೊನೆಯವರೆಗೆ ನಿಲ್ಲದೆ, ತಲೆ ಅಲ್ಲಾಡಿಸುತ್ತಾ, ತೊಡೆ ತಟ್ಟುತ್ತಾ ಓದಿ. ಅಲ್ಲಿ ಪ್ರಶ್ನೆ ಇಲ್ಲ, ಬೆರಳಿಲ್ಲ, ಪಾಠ ಇಲ್ಲ. ಪ್ರಾಸದ ಮಾತು ಬರುವ ಮುಂಚೆ ಒಂದು ಕ್ಷಣ ಬಾಯಿ ಮುಚ್ಚಿ ಅವಳ ಮುಖ ನೋಡಿ, ಆ ಮಾತನ್ನು ಅವಳೇ ಕೂಗಲಿ. ಮಗು ಕೂಗಿದರೆ ಪ್ರಾಸ ಗಟ್ಟಿ ಇದೆ ಅಂತ ಅರ್ಥ. ಹತ್ತು ಸಲ ಓದಿದ ಮೇಲೂ ಕೂಗದಿದ್ದರೆ ಬಹಳ ಸಲ ಪ್ರಾಸವೇ ಜೊಳ್ಳಾಗಿರುತ್ತದೆ.

ಇನ್ನೊಂದು ಓದು ನಿಲ್ಲುವುದು. ಅವತ್ತೇ ಆಗಬೇಕಿಲ್ಲ, ಮರುದಿನ ಮಧ್ಯಾಹ್ನ ಆದರೂ ನಡೆಯುತ್ತದೆ. ಪೂರ್ತಿ ಪುಸ್ತಕವೂ ಬೇಡ, ಎರಡು ಪುಟ ಸಾಕು. ಮೂರರ ಪುಟ ತೆಗೆದು ಸಾಲು ಓದಿ, ಅಲ್ಲೇ ನಿಲ್ಲಿ. ನಿಮ್ಮ ಮಾತಿನಲ್ಲೇ ಹೇಳಿ: "ನೋಡವ್ವಾ, ಮೂರು ಗಿಳಿ ಅದಾವ." ಆಮೇಲೆ ಅವಳ ಬೆರಳು ನಿಮ್ಮ ಕೈಯಲ್ಲಿ ಹಿಡಿದು ಒಂದೊಂದು ಗಿಳಿಯ ಮೇಲೆ ಇಡಿಸಿ. "ಒಂದ... ಎರಡ... ಮೂರ." ಬೆರಳು ಮುಟ್ಟುವುದೂ ಮಾತು ಬೀಳುವುದೂ ಒಂದೇ ಹೊತ್ತಿಗೆ ಆಗಬೇಕು, ಅದಕ್ಕೆ ನಿಧಾನ ಬೇಕು. ಕೊನೆಗೆ ಮೂರೂ ಗಿಳಿಗಳನ್ನು ಸುತ್ತುವ ಹಾಗೆ ಪುಟದ ಮೇಲೆ ಅಂಗೈ ಒಂದು ಸುತ್ತು ತಿರುಗಿಸಿ "ಮೂರು ಗಿಳಿ" ಅನ್ನಿ. ಈ ಅಂಗೈ ಸುತ್ತು ಸಣ್ಣ ವಿಷಯ ಅನಿಸುತ್ತದೆ. ಆದರೆ ಅದಿಲ್ಲದಿದ್ದರೆ "ಮೂರು" ಅನ್ನುವುದು ಕೊನೆಗೆ ಮುಟ್ಟಿದ ಗಿಳಿಯ ಹೆಸರು ಅಂತಲೇ ಮಗು ತಿಳಿದುಕೊಳ್ಳುವ ಸಾಧ್ಯತೆ ಇದೆ.

ಮೊದಲು ಒಟ್ಟು ಹೇಳುವುದು, ತಕ್ಷಣ ಎಣಿಸುವುದು. ಈ ಕ್ರಮ ನಾನು ಸುಮ್ನೆ ಹೇಳುತ್ತಿಲ್ಲ. ಕೆಲ್ಲಿ ಮಿಕ್ಸ್ ಮತ್ತು ಸಂಗಡಿಗರು ಮೂರೂವರೆ ವರ್ಷದ ಆಸುಪಾಸಿನ ಮಕ್ಕಳ ಜೊತೆ ಚಿತ್ರಗಳನ್ನಿಟ್ಟುಕೊಂಡು ಇದನ್ನೇ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕೆಲವರಿಗೆ ಒಟ್ಟು ಮಾತ್ರ ಹೇಳಿದರು, ಕೆಲವರಿಗೆ ಎಣಿಸಿ ಮಾತ್ರ ತೋರಿಸಿದರು, ಕೆಲವರಿಗೆ ಒಟ್ಟು ಹೇಳಿ ಆ ಕೂಡಲೇ ಎಣಿಸಿ ತೋರಿಸಿದರು. ಚೆನ್ನಾಗಿ ಮುಂದೆ ಹೋದವರು ಈ ಕೊನೆಯವರು. ಗಮನಿಸಿ, ನಿಮ್ಮ ಪ್ರಾಸದ ಸಾಲು ಒಟ್ಟನ್ನು ಆಗಲೇ ಹೇಳಿಬಿಟ್ಟಿರುತ್ತದೆ. ಅರ್ಧ ಕೆಲಸ ಪುಸ್ತಕ ಮಾಡಿದೆ, ಉಳಿದರ್ಧ ನಿಮ್ಮ ಬೆರಳು ಮಾಡಬೇಕು, ಅದೂ ಪುಟ ತಿರುವುವ ಮೊದಲು.

ಶುರು ಎಷ್ಟರಿಂದ? ಎರಡು ಮತ್ತು ಮೂರರ ಪುಟದಿಂದ. ಮೂರರವರೆಗಿನ ಗುಂಪನ್ನು ದೊಡ್ಡವರು ಎಣಿಸದೇ ಒಂದೇ ನೋಟಕ್ಕೆ ಹೇಳಿಬಿಡುತ್ತಾರೆ, ಮಗುವಿನ ಕಣ್ಣಿಗೂ ಅಷ್ಟು ಸುಲಭವಾಗಿ ಹಿಡಿಸುತ್ತದೆ. ಆದರೆ ಅಲ್ಲೇ ಕೂತುಬಿಡಬೇಡಿ. ಗುಂಡರ್ಸನ್ ಮತ್ತು ಲೆವೀನ್ ಅನ್ನುವ ಸಂಶೋಧಕರು 2011ರಲ್ಲಿ ತೋರಿಸಿದ ಹಾಗೆ, ಕಣ್ಣೆದುರಿಗೆ ಇರುವ ನಾಲ್ಕರಿಂದ ಹತ್ತು ವಸ್ತುಗಳ ಬಗ್ಗೆ ಮನೆಯವರು ಜಾಸ್ತಿ ಮಾತಾಡಿದ ಮಕ್ಕಳಿಗೆ ಮುಂದೆ ಲೆಕ್ಕದ ಅರ್ಥ ಚೆನ್ನಾಗಿ ಹತ್ತಿತ್ತು. ಹಾಗಾಗಿ ಎರಡು ಸಲ ಮೂರರ ಪುಟ ಆದರೆ ಒಂದು ಸಲ ಆರರ ಪುಟ ಇರಲಿ. ಅವಳು ಆರನ್ನು ತಿಳಿಯಬೇಕು ಅಂತಲ್ಲ, ಕೇಳಿರಲಿ ಅಂತ.

ಒಂದನ್ನು ಮಾತ್ರ ಕಡಿಮೆ ಮಾಡಿ: "ಎಷ್ಟು?" ಅನ್ನುವ ಪ್ರಶ್ನೆ. ಪ್ರತಿ ಪುಟಕ್ಕೂ ಎಷ್ಟು, ಎಷ್ಟು ಅಂದರೆ ಪುಸ್ತಕ ಪರೀಕ್ಷೆ ಆಗುತ್ತದೆ, ಮಗು ಬಾಯಿಗೆ ಬಂದ ಅಂಕಿ ಹೇಳಿ ಪಾರಾಗುತ್ತದೆ. ಐದು, ಎಂಟು ಅಂತ ಅವಳು ಹೇಳುವುದು ನಿಜ ಹೇಳಬೇಕೆಂದರೆ ಜಾಣತನ. "ಎಷ್ಟು ಅಂದಾಗ ಅಂಕಿಯ ಹೆಸರು ಹೇಳಬೇಕು" ಅನ್ನುವಷ್ಟು ಅವಳಿಗೆ ತಿಳಿದಿದೆ, ಬಣ್ಣದ ಹೆಸರು ಹೇಳುತ್ತಿಲ್ಲ ನೋಡಿ. ತಪ್ಪು ಹೇಳಿದಾಗ "ತಪ್ಪು" ಅನ್ನಬೇಡಿ, "ಅಲ್ಲ" ಅಂತಲೂ ಅನ್ನಬೇಡಿ. "ಎಣಿಸೂಣು ಬಾ" ಅಂತ ಬೆರಳು ಹಿಡಿಯಿರಿ, ಸಾಕು.

ಮೂರರಿಂದ ಎಂಟಕ್ಕೆ ಹಾರುವುದು? ಎಂಟರ ಪುಟದಲ್ಲಿ ಅವಳಿಗೆ ಇಷ್ಟವಾದದ್ದು ಏನೋ ಇದೆ. ಆನೆಯೋ, ಬಸ್ಸೋ, ಬೆಕ್ಕೋ. ಹಾರಲಿ ಬಿಡಿ. ಹಾಡಿನ ಓದಿನಲ್ಲಿ ಕ್ರಮ ಹೇಗೂ ಬರುತ್ತದೆ, ಆ ಪುಟದಲ್ಲಿ ನಿಮಗೆ ಬೇಕಾದದ್ದು ಅವಳ ಆಸೆ. ಮತ್ತೆ ಮತ್ತೆ ಅದೇ ಪುಸ್ತಕ ಬೇಕು ಅನ್ನುವುದಕ್ಕೂ ಬೇಜಾರು ಮಾಡಿಕೊಳ್ಳಬೇಡಿ. ಜೆಸಿಕಾ ಹಾರ್ಸ್ಟ್ ಮತ್ತು ಜೊತೆಯವರು 2011ರಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆ ಓದಿ ನೋಡಿದಾಗ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಅದೇ ಕಥೆ ಮತ್ತೆ ಕೇಳಿದ ಮಕ್ಕಳು ಹೊಸ ಮಾತುಗಳನ್ನು ಚೆನ್ನಾಗಿ ಕಲಿತಿದ್ದರು. ಬೇಜಾರು ಬರುವುದು ನಮಗೆ. ಮಗುವಿಗೆ ಪ್ರತಿ ಸಲವೂ ಹೊಸದೊಂದು ಕಾಣುತ್ತದೆ.

ಇನ್ನು ನಾಲಿಗೆ ತೊಡಕುವ ವಿಷಯ. ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಯಾಕಂದರೆ ನನಗೆ ಇದರಲ್ಲಿ ಹೇಳುವುದು ಬಹಳ ಇದೆ.

ಪೇಟೆಯಲ್ಲಿ ಸಿಗುವ ಎಣಿಕೆ ಪುಸ್ತಕಗಳಲ್ಲಿ ತುಂಬಾ ಅನುವಾದದವು. ಬೇರೆ ಭಾಷೆಯಲ್ಲಿ ಸಾಲಿನ ಕೊನೆಗೆ ಕೂಡುತ್ತಿದ್ದ ಪ್ರಾಸವನ್ನು ಕನ್ನಡದಲ್ಲೂ ಕೊನೆಗೇ ಕೂಡಿಸಲು ಹೋಗುತ್ತಾರೆ. ಆಗ ಕೊನೆಗೆ ಏನು ಬರುತ್ತದೆ? ಕ್ರಿಯಾಪದ. "ಹಾರುತ್ತಿವೆ, ಕೂರುತ್ತಿವೆ, ನೋಡುತ್ತಿವೆ, ಆಡುತ್ತಿವೆ." ಅದು ಪ್ರಾಸವೇ ಅಲ್ಲ, ಬರೀ ಬಾಲ. ಕಿವಿಗೆ ಏನೂ ಹಿಡಿಯುವುದಿಲ್ಲ. ಕನ್ನಡದ ಹಳೆಯ ಹಾದಿ ಬೇರೆ. ನಮ್ಮ ಹಳೆಯ ಕವಿಗಳು ಪ್ರಾಸ ಇಟ್ಟದ್ದು ಸಾಲಿನ ಮೊದಲ ಮಾತಿನ ಎರಡನೇ ಅಕ್ಷರದಲ್ಲಿ, ಗಾದೆಗಳಲ್ಲೂ ಅದೇ ಕಿವಿ ಕೆಲಸ ಮಾಡಿದೆ. ನಿಮ್ಮ ಅತ್ತೆಯವರನ್ನು ಒಂದು ಒಡಪು ಹೇಳಿ ಅಂತ ಕೇಳಿ. ಮದುವೆಯಲ್ಲಿ, ಸೀಮಂತದಲ್ಲಿ ಗಂಡನ ಹೆಸರು ಹೇಳಲು ಒಡಪು ಕಟ್ಟುವ ಹೆಂಗಸರ ಊರು ನಮ್ಮದು. ಪ್ರಾಸ ಎಲ್ಲಿ ಬಿದ್ದರೆ ಕೇಳುವವರು ನಗುತ್ತಾರೆ ಅನ್ನುವುದು ಅವರಿಗೆ ಯಾವ ಪುಸ್ತಕದವರಿಗಿಂತಲೂ ಚೆನ್ನಾಗಿ ಗೊತ್ತು.

ಎಣಿಕೆ ಪುಸ್ತಕದಲ್ಲಿ ಪ್ರಾಸ ಅಂಕಿಯ ಮೇಲೇ ಬೀಳಬೇಕು ಅನ್ನುವುದು ನನ್ನ ಹಟ. ನಮ್ಮ ಅಂಕಿಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಮನೆಯಲ್ಲಿ ಹೀಗೆ ಕಟ್ಟಿ ನೋಡಿ:

ಒಂದು ಗುಬ್ಬಿ ಬಂದು ಕುಂತಿತು
ಎರಡು ಗುಬ್ಬಿ ಕೊರಡು ಹತ್ತಿದವು
ಮೂರು ಗುಬ್ಬಿ ಹಾರಿ ಬಂದವು
ನಾಕು ಗುಬ್ಬಿ ಸಾಕು ಅಂದವು
ಐದು ಗುಬ್ಬಿ ಬೈದುಕೊಂಡವು

ದೊಡ್ಡ ಕವಿತೆ ಅಲ್ಲ, ಬಸ್ಸಿನಲ್ಲಿ ಕೂತು ಕಟ್ಟಿದ್ದು. ಆದರೆ ಒಂದು-ಬಂದು, ಎರಡು-ಕೊರಡು, ನಾಕು-ಸಾಕು ಅಂತ ಅಂಕಿಯ ಜೊತೆಗೇ ಅದರ ಜೋಡಿ ಮಾತು ಬರುತ್ತದೆ. ನೀವು "ನಾಕು ಗುಬ್ಬಿ..." ಅಂತ ನಿಲ್ಲಿಸಿದರೆ ಅವಳು "ಸಾಕು!" ಅಂತ ಕೂಗುತ್ತಾಳೆ. ಅಂಕಿಯೇ ಪ್ರಾಸವನ್ನು ಕರೆಯುತ್ತದೆ, ಅಂಕಿಯ ಸದ್ದು ಕಿವಿಯಲ್ಲಿ ಗಟ್ಟಿಯಾಗುತ್ತದೆ. ಮುಂದೆ ಆರಕ್ಕೆ ಸೂರು, ಏಳಕ್ಕೆ ಕಾಳು, ಎಂಟಕ್ಕೆ ಗಂಟು, ಹತ್ತಕ್ಕೆ ಹೊತ್ತು. ಒಂಬತ್ತಕ್ಕೆ ನೀವೇ ಹುಡುಕಿ, ಅದು ಎಲ್ಲರಿಗೂ ಕಾಡುವ ಅಂಕಿ. ನಾಲ್ಕು ಬೇಡ, ನಾಕು ಅಂತಲೇ ಇರಲಿ. ಮಗು ಮನೆಯಲ್ಲಿ ಕೇಳುವುದು ಅದೇ ತಾನೇ?

ಕೊಂಡ ಪುಸ್ತಕದ ವಿಷಯದಲ್ಲಿ ನಾನು ಹೇಳುವುದಿಷ್ಟು. ಪ್ರಾಸದ ಸಾಲನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಿ, ಸುತ್ತಲಿನ ಮಾತೆಲ್ಲ ನಿಮ್ಮದೇ ಇರಲಿ. "ಹಕ್ಕಿಗಳು ಹಾರುತ್ತಿವೆ" ಅಂತ ಓದಿ, ಮೇಲೆ "ನೋಡ, ಹೆಂಗ ಹಾರಾಕತ್ತಾವ!" ಅನ್ನಿ. ಮಗುವಿಗೆ ಎರಡು ಕನ್ನಡವೂ ಸಿಗುತ್ತವೆ, ಗೊಂದಲ ಆಗುವುದಿಲ್ಲ. ಶಾಲೆಯ ಪುಸ್ತಕದ ಕನ್ನಡ ಮನೆಮಾತಿಗಿಂತ ಬೇರೆ ಅನ್ನುವ ಪರಿಚಯ ನಿಮ್ಮ ತೊಡೆಯ ಮೇಲೆ ಕೂತೇ ಆಗಿಬಿಟ್ಟರೆ ಒಂದನೇ ತರಗತಿಯಲ್ಲಿ ಅರ್ಧ ಭಯ ಹೋಗುತ್ತದೆ. ಆದರೆ ಪ್ರಾಸವೇ ಸತ್ತಿರುವ ಅನುವಾದವಾದರೆ ಸಾಲು ಬಿಟ್ಟು ಚಿತ್ರ ಇಟ್ಟುಕೊಳ್ಳಿ, ಹಾಡು ನೀವೇ ಕಟ್ಟಿ. ಯಾರೂ ಬಂದು ಕೇಳುವುದಿಲ್ಲ.

ಪ್ರಾಸದಿಂದ ಎಣಿಕೆಗಷ್ಟೇ ಅಲ್ಲ, ಓದಿಗೂ ಲಾಭ ಇದೆ. ಬ್ರಾಡ್ಲಿ ಮತ್ತು ಬ್ರಯಂಟ್ 1983ರಲ್ಲಿ ಇಂಗ್ಲಿಷ್ ಮಕ್ಕಳಲ್ಲಿ, ಶಾಲೆಗೆ ಮುಂಚೆ ಪ್ರಾಸ ಗುರುತಿಸುವ ಕಿವಿ ಇದ್ದವರು ಮುಂದೆ ಓದಿನಲ್ಲೂ ಮುಂದಿರುತ್ತಾರೆ ಅಂತ ತೋರಿಸಿದರು. ಕನ್ನಡದ ಲಿಪಿ ಬೇರೆ ತರಹದ್ದು, ನಮ್ಮ ಮಕ್ಕಳು ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ನೂರಾರು ಅಕ್ಷರರೂಪ ಕಲಿಯಬೇಕು. ಅದು ನಾಲ್ಕನೇ ತರಗತಿವರೆಗೂ ನಡೆಯುವ ಕೆಲಸ ಅಂತ ಸೋನಾಲಿ ನಾಗ್ ಅವರ 2007ರ ಅಧ್ಯಯನ ಹೇಳುತ್ತದೆ. ಆದ್ದರಿಂದ ಆ ಇಂಗ್ಲಿಷ್ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಎತ್ತಿಡುವುದು ಸರಿಯಲ್ಲ. ಆದರೂ ಎರಡು ಮಾತಿನಲ್ಲಿ ಯಾವ ಸದ್ದು ಒಂದೇ, ಯಾವುದು ಬೇರೆ ಅಂತ ಕೇಳಿಸಿಕೊಳ್ಳುವ ಕಿವಿ ಯಾವ ಲಿಪಿಗೂ ಬೇಕಾದದ್ದೇ.

ಪುಸ್ತಕ ಕೊಳ್ಳುವಾಗ ಒಂದು ಕೆಲಸ ಮಾಡಿ. ಅಂಗಡಿಯಲ್ಲೇ ನಿಂತು ಚಿತ್ರ ಎಣಿಸಿ. ನಗಬೇಡಿ! ಏಳು ಮೀನು ಅಂತ ಬರೆದು, ಚೆಂದಕ್ಕೆ ಅಂತ ಮೂಲೆಯಲ್ಲಿ ಇನ್ನೊಂದು ಮೀನಿನ ಬಾಲ ಬರೆದಿರುತ್ತಾರೆ. ಒಂದರ ಮೇಲೊಂದು ಬಿದ್ದ ಮಾವಿನಹಣ್ಣಿನ ರಾಶಿ ದೊಡ್ಡವರ ಕಣ್ಣಿಗೆ ಚೆಂದ, ಚಿಕ್ಕ ಬೆರಳಿಗೆ ನರಕ. ವಸ್ತುಗಳು ಬಿಡಿಬಿಡಿಯಾಗಿ, ಬೆರಳು ಇಡುವಷ್ಟು ದೊಡ್ಡದಾಗಿ, ಚಿಕ್ಕ ಅಂಕಿಗಳಿಗೆ ಒಂದೇ ಸಾಲಿನಲ್ಲಿ ಇರಬೇಕು. ದೊಡ್ಡ ಅಂಕಿಗೆ ಹರಡಿದ್ದರೂ ನಡೆದೀತು. ಧಾರವಾಡದ ಸುಭಾಸ ರೋಡಿನ ಪುಸ್ತಕದಂಗಡಿಗಳಲ್ಲಿ ಕೇಳಿ ನೋಡಿ, ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ಕಡಿಮೆ ಬೆಲೆಯವು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಬೇಕಾದ್ದನ್ನು ಇಳಿಸಿಕೊಂಡು ಮುದ್ರಿಸಿ ಹೊಲಿದುಕೊಳ್ಳಬಹುದು. ಅದೂ ಬೇಡ ಅಂದರೆ ಹಳೆಯ ಲಗ್ನಪತ್ರಿಕೆಗಳ ಗಟ್ಟಿ ಹಾಳೆ ಮತ್ತು ಬಿಂದಿ ಪಾಕೀಟು ಸಾಕು. ಒಂದು ಹಾಳೆಗೆ ಒಂದು ಬಿಂದಿ, ಮುಂದಿನದಕ್ಕೆ ಎರಡು. ಬಿಂದಿಗೆ ರೆಕ್ಕೆ ಕೊಕ್ಕು ಬರೆದರೆ ಗುಬ್ಬಿ. ಅವಳೇ ಅಂಟಿಸಿದರೆ ಒಂದೊಂದು ಬಿಂದಿಗೂ ಒಂದೊಂದು ಅಂಕಿ ತಾನಾಗೇ ಬೀಳುತ್ತದೆ, ಬೆರಳು ಆಗ ಓಡುವುದಿಲ್ಲ.

ಜನರ ಚಿತ್ರ ಇರುವ ಪುಟ ಬಂದರೆ ಕನ್ನಡದ ಒಂದು ಗಂಟು ಇದೆ. ಗಿಳಿಗೆ ಒಂದು, ಎರಡು, ಮೂರು, ಜನಕ್ಕೆ ಒಬ್ಬ, ಇಬ್ಬರು, ಮೂವರು. ಮಕ್ಕಳು ಬಹಳ ದಿನ "ಎರಡು ಮಾಮಾ" ಅನ್ನುತ್ತಾರೆ. ಅನ್ನಲಿ. ನೀವು "ಹೌದು, ಇಬ್ಬರು ಮಾಮಾ" ಅಂತ ಸರಿಯಾದದ್ದು ಹೇಳಿ ಮುಂದೆ ಹೋಗಿ. ಮೊದಲ ಪುಸ್ತಕಕ್ಕೆ ಮಾತ್ರ ಜನರಿಗಿಂತ ಪ್ರಾಣಿ, ಹಣ್ಣು ಇರುವುದನ್ನೇ ಆರಿಸಿ.

ಅತ್ತೆಯವರ ನೂರು. ನೂರರವರೆಗೆ ಹಾಡು ಕಲಿಸಿದರೆ ಕೆಡುಕೇನೂ ಇಲ್ಲ, ಆದರೆ ಅದರಿಂದ ಮೂರರ ಅರ್ಥ ಬೇಗ ಬರುವುದಿಲ್ಲ. ಅವರ ಆಸೆಯನ್ನು ಬೇರೆ ಕಡೆ ತಿರುಗಿಸಿ. ಅವರ ಕಾಲದಲ್ಲಿ ಕಾಳು ಅಳೆಯುವಾಗ ಒಂದು ಅನ್ನದೇ "ಲಾಭ" ಅಂತ ಶುರು ಮಾಡುತ್ತಿದ್ದದ್ದು ನೆನಪಿರಬಹುದು, ಲಾಭ, ಎರಡು, ಮೂರು ಅಂತ ರಾಗ ಎಳೆದು, ಸೇರು ಬಗ್ಗಿಸುವ ತನಕ ಆ ಅಂಕಿಯನ್ನೇ ಹೇಳುತ್ತಾ. ಅಮರಗೋಳದ ಎಪಿಎಂಸಿ ನಿಮ್ಮ ಮನೆಗೆ ಹತ್ತಿರವೇ, ಈಗ ಅಲ್ಲೂ ತಕ್ಕಡಿ ಕರೆಂಟಿನದು. ಆದರೆ ಆ ಅಳತೆಯಲ್ಲಿ ನಮಗೆ ಬೇಕಾದದ್ದೆಲ್ಲ ಇತ್ತು: ಒಂದು ಸೇರಿಗೆ ಒಂದೇ ಮಾತು, ರಾಗವೂ ಉಂಟು, ನಿಲ್ಲುವುದೂ ಉಂಟು. ಒಂದು ಬಟ್ಟಲು ಜೋಳ, ಒಂದು ಚಟಾಕು ಕೊಟ್ಟು ಅಜ್ಜಿ ಮೊಮ್ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿ. ಹತ್ತರವರೆಗೆ ಅಳೆದರೆ ಸಾಕು. "ಲಾಭ" ಅಂದದ್ದಕ್ಕೆ ಮಗು ಒಂದನ್ನು ಮರೆಯುತ್ತದೆ ಅಂತ ಹೆದರಬೇಡಿ.

ಯಜಮಾನರ ಇಂಗ್ಲಿಷ್ ಪುಸ್ತಕವೂ ಮನೆಗೆ ಬರಲಿ, ಜಗಳ ಬೇಡ. ಆದರೆ ಅದನ್ನು ಅವರೇ ಓದಲಿ, ಮತ್ತೆ ಒಂದೇ ಓದಿನಲ್ಲಿ ಒನ್, ಟೂ, ಮೂರು ಅಂತ ಬೆರೆಸದಿರಲಿ. ಎರಡು ಭಾಷೆಯ ಮಕ್ಕಳನ್ನು ನೋಡಿದ 2015ರ ಒಂದು ಅಧ್ಯಯನದಲ್ಲಿ ಸ್ವಾರಸ್ಯದ ಸಂಗತಿ ಕಂಡಿತ್ತು. ಒಂದು, ಎರಡು, ಮೂರು ಅನ್ನುವ ಚಿಕ್ಕ ಅಂಕಿಗಳ ಅರ್ಥವನ್ನು ಮಕ್ಕಳು ಎರಡೂ ಭಾಷೆಯಲ್ಲಿ ಬೇರೆ ಬೇರೆ ಕಲಿಯಬೇಕಾಯಿತು. ಆದರೆ ಕೊನೆಯ ಅಂಕಿಯೇ ಒಟ್ಟು ಅನ್ನುವ ಗುಟ್ಟು ಒಂದು ಭಾಷೆಯಲ್ಲಿ ತಿಳಿದರೆ ಇನ್ನೊಂದಕ್ಕೂ ದಾಟಿಬಿಡುತ್ತಿತ್ತು. ಅಂದರೆ ಗುಟ್ಟು ಮನೆಮಾತಿನಲ್ಲಿ, ದಿನವಿಡೀ ಕೇಳುವ ಮಾತಿನಲ್ಲಿ ಬೇಗ ತಿಳಿಯಲಿ. ಶಾಲೆಯ ಭಾಷೆಗೆ ಅದರಿಂದ ನಷ್ಟ ಏನೂ ಇಲ್ಲ.

ಫೋನು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಎಲ್ಲಾ ಪರದೆ ಸೇರಿ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆ ಆದಷ್ಟೂ ಒಳ್ಳೆಯದು. ನನ್ನ ತಕರಾರು ಗಂಟೆಯದ್ದಲ್ಲ. ಫೋನಿನ ಹಾಡು ಯಾರಿಗೂ ಕಾಯುವುದಿಲ್ಲ. ಅವಳ ಬೆರಳು ಎರಡನೇ ಗಿಳಿಯ ಮೇಲಿದ್ದಾಗ ಅದು ಏಳಕ್ಕೆ ಹೋಗಿರುತ್ತದೆ. ಸಾಲು ಬಾಯಿಗೆ ಬರಲು ಅದು ಸಾಕು, ಆ ಕೆಲಸ ಅವಳಿಗೆ ಆಗಲೇ ಮುಗಿದಿದೆ.

ದಿನಕ್ಕೆ ಹಾಡಿನ ಓದು ಎಷ್ಟು ಸಲವಾದರೂ ಆಗಲಿ, ನಿಲ್ಲುವ ಓದು ಐದು ನಿಮಿಷ ಸಾಕು. ಉಳಿದದ್ದು ಪುಸ್ತಕದ ಹೊರಗೆ. ತಟ್ಟೆಗೆ ಹಾಕಿದ ಮಿರ್ಚಿ ಬಜಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಮನೆಯ ಮೆಟ್ಟಿಲು. ಉಣಕಲ್ ಕೆರೆಯ ಕೊಕ್ಕರೆ, ಓಡುವ ಗೂಡ್ಸ್ ಗಾಡಿಯ ಡಬ್ಬಿ ಎಲ್ಲಾ ಈಗ ಬೇಡ. ಓಡುವುದನ್ನು, ಹಾರುವುದನ್ನು ಎಣಿಸಲು ದೊಡ್ಡವರಿಗೇ ತಪ್ಪುತ್ತದೆ, ಕೈಗೆ ಸಿಗುವುದು, ಜರುಗಿಸಲು ಬರುವುದು ಒಳ್ಳೆಯದು. ಎಣಿಸಿದ್ದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರೆ ಯಾವುದು ಆಯಿತು, ಯಾವುದು ಉಳಿಯಿತು ಅನ್ನುವ ಗೊಂದಲವೇ ಇಲ್ಲ.

ಮುಂದಕ್ಕೆ ಹೋಗುತ್ತಿದ್ದಾಳೋ ಇಲ್ಲವೋ ಅಂತ ನೋಡಬೇಕು ಅಂದರೆ ತಿಂಗಳಿಗೊಮ್ಮೆ, ಅದೂ ಆಟದ ನಡುವೆ, ಒಂದು ಕೆಲಸ ಮಾಡಿ. ಪಂಚಮಿಗೆ ಮಾಡಿದ ಶೇಂಗಾ ಉಂಡಿ ಒಂದಷ್ಟು ಬಟ್ಟಲಿಗೆ ಹಾಕಿ ಅವಳ ಮುಂದಿಡಿ. "ನಂಗ ಎರಡು ಉಂಡಿ ಕೊಡು" ಅನ್ನಿ. "ಎಷ್ಟು" ಅಂತ ಕೇಳಿದ್ದಕ್ಕಿಂತ "ಇಷ್ಟು ಕೊಡು" ಅಂದಾಗ ನಿಜ ತಿಳಿಯುತ್ತದೆ. ಎರಡೇ ಎತ್ತಿ ಕೊಟ್ಟರೆ ಮುಂದಿನ ಸಲ ಮೂರು ಕೇಳಿ. ಮುಷ್ಟಿ ತುಂಬಾ ಎತ್ತಿ ಕೊಟ್ಟರೆ ತಿಂದು ಥ್ಯಾಂಕ್ಸ್ ಹೇಳಿ, ಮುಂದಿನ ತಿಂಗಳು ಮತ್ತೆ ನೋಡಿದರಾಯಿತು. ನಾಲ್ಕೂವರೆ ದಾಟಿದರೂ ಎರಡು, ಮೂರು ಕೊಡಲು ಬರುತ್ತಿಲ್ಲ ಅಂದರೆ, ಅಥವಾ ಈಗಲೇ ಎರಡು ಮಾತು ಕೂಡಿಸಿ ಹೇಳುವುದಿಲ್ಲ, ಕರೆದರೆ ತಿರುಗುವುದಿಲ್ಲ ಅನ್ನುವ ಅನುಮಾನ ಇದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ. ನೀವು ಬರೆದಿರುವುದನ್ನು ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ.